ಹೊಲದಂಚಿನ ತಪ್ಪುಕಾಣಿಕೆ ಕಲ್ಲು

ಪ್ರಶ್ನೆ: ಎರಡು ವರ್ಷದಿಂದ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ಹತ್ತಿರ ಇದ್ದೇನೆ. ಭಾನುವಾರ ಸೈಕಲ್ ಹೊಡೆಯುವ ದಾರಿಯಲ್ಲಿ, ಗೋಧಿ ಹೊಲದ ಅಂಚಿಗೆ, ಮಂಡಿಯೆತ್ತರದ ಒಂದು ಕಲ್ಲಿನ ಶಿಲುಬೆ ಇದೆ. ಅರ್ಧ ನೆಲದೊಳಗೆ ಹೂತುಹೋಗಿದೆ, ಒಂದು ತೋಳು ಮುಕ್ಕಾಗಿದೆ. ಅಕ್ಷರ ಒಂದೂ ಇಲ್ಲ, ನಡುವೆ ಚೂರಿಯಂಥ ಏನೋ ಕೆತ್ತಿದ್ದಾರೆ. ಪಕ್ಕದ ಮನೆಯ ಅಜ್ಜ, ‘ಅದು ಸ್ವೀಡನ್ನಿನವರ ಶಿಲುಬೆ, ಅಡಿಯಲ್ಲಿ ಒಬ್ಬ ಸಿಪಾಯಿ ಮಲಗಿದ್ದಾನೆ’ ಅಂದರು. ನನ್ನ ಹೆಂಡತಿ ಹಾಸನದ ಕಡೆಯವಳು. ನೋಡಿದ ಕೂಡಲೇ ‘ನಮ್ಮೂರ ವೀರಗಲ್ಲು ಇದ್ದಹಾಗೇ ಇದೆ’ ಎಂದು ಎರಡು ಹೂವಿಟ್ಟಳು. ಇಬ್ಬರಲ್ಲಿ ಯಾರ ಮಾತು ಸರಿ? ಹೂವಿಟ್ಟದ್ದು ತಪ್ಪಾಯಿತೇ?

ಉತ್ತರ: ಹೂವಿನ ವಿಚಾರ ಮೊದಲು ಮುಗಿಸುತ್ತೇನೆ. ಇಟ್ಟದ್ದು ತಪ್ಪಲ್ಲ. ದಾರಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು ಸತ್ತವನನ್ನು ನೆನೆಯಲಿ ಎಂದೇ ಆ ಕಲ್ಲನ್ನು ಅಲ್ಲಿ ನೆಟ್ಟಿರುವುದು. ಐನೂರು ವರ್ಷ ತಡವಾದರೂ ನಿಮ್ಮ ಮನೆಯವರು ಆ ಕೆಲಸ ಮಾಡಿದ್ದಾರೆ.

ಇನ್ನು ಅಜ್ಜನ ಮಾತು, ನಿಮ್ಮಾಕೆಯ ಮಾತು. ಇಬ್ಬರೂ ಅರ್ಧ ದಾರಿ ಸರಿಯಾಗೇ ಹೋಗಿ ಆಮೇಲೆ ತಪ್ಪಿದ್ದಾರೆ. ನೀವು ಬರೆದಿರುವ ಲಕ್ಷಣ ನೋಡಿದರೆ, ಅಂದರೆ ಒಂದೇ ಕಲ್ಲಿನಲ್ಲಿ ಕಡೆದದ್ದು, ಕುಳ್ಳು, ದಪ್ಪ ತೋಳು, ಅಕ್ಷರವಿಲ್ಲ, ನಡುವೆ ಆಯುಧ, ಅದು ಬಹುಮಟ್ಟಿಗೆ ಜರ್ಮನ್ನರು ‘ಝೂನೆಕ್ರಾಯ್ಟ್ಸ್’ ಎಂದು ಕರೆಯುವ ಜಾತಿಯದು. ಕ್ರಾಯ್ಟ್ಸ್ ಅಂದರೆ ಶಿಲುಬೆ. ಝೂನೆ ಅನ್ನುವುದಕ್ಕೆ ‘ಪ್ರಾಯಶ್ಚಿತ್ತ’ ಎಂದು ಅರ್ಥ ಹೇಳುತ್ತಾರೆ. ನನಗೇನೋ ನಮ್ಮ ಹಳ್ಳಿಯ ಮಾತೇ ಹೆಚ್ಚು ಹತ್ತಿರ ಅನ್ನಿಸುತ್ತದೆ: ತಪ್ಪುಕಾಣಿಕೆ. ಒಬ್ಬನನ್ನು ಕೊಂದವನು ಸತ್ತವನ ಮನೆಯವರ ಜೊತೆ ರಾಜಿಯಾಗಿ, ತನ್ನ ಖರ್ಚಿನಲ್ಲಿ ಕಡೆಸಿ ನಿಲ್ಲಿಸಿಕೊಟ್ಟ ಕಲ್ಲು ಅದು. ವ್ಯಾಜ್ಯ ತೀರಿತು ಅನ್ನುವುದಕ್ಕೆ ಕಲ್ಲಿನಲ್ಲಿ ಬರೆದುಕೊಟ್ಟ ರಸೀದಿ ಅನ್ನಿ.

ಇಂಥವು ಜರ್ಮನಿಯಲ್ಲಿ ಸಾವಿರಾರು ಉಳಿದಿವೆ. ನೀವಿರುವ ಫ್ರಾಂಕೋನಿಯದಲ್ಲಿ, ಸ್ಯಾಕ್ಸನಿಯಲ್ಲಿ, ತ್ಯೂರಿಂಗಿಯದಲ್ಲಿ ಬೇಕಾದಷ್ಟಿವೆ. ಗಡಿ ದಾಟಿ ಚೆಕ್ ದೇಶಕ್ಕೆ ಹೋದರೂ ಸಿಗುತ್ತವೆ, ಪೋಲೆಂಡಿನ ಸೈಲೀಸಿಯದಲ್ಲಂತೂ ಊರೂರಿಗೆ ಕಾಣಿಸುತ್ತವೆ. ಕೆಂಪು ಮರಳುಗಲ್ಲು ಸಿಗುವ ಕಡೆ ಮರಳುಗಲ್ಲಿನವು, ಬೆಣಚು ಸಿಗುವ ಕಡೆ ಬೆಣಚಿನವು. ದೂರದಿಂದ ಕಲ್ಲು ತರಿಸುವಷ್ಟು ಯಾರೂ ಖರ್ಚು ಮಾಡಿದಂತೆ ಕಾಣುವುದಿಲ್ಲ. ದಂಡ ಕಟ್ಟುವವನು ಯಾಕೆ ಮಾಡಿಯಾನು?

ಇದು ನಡೆಯುತ್ತಿದ್ದ ಬಗೆ ಹೇಳುತ್ತೇನೆ. ಮಧ್ಯಯುಗದ ಜರ್ಮನ್ ನಾಡುಗಳಲ್ಲಿ ಕೊಲೆಯೆಂಬುದು ಮೊದಲಿಗೆ ಎರಡು ಮನೆತನಗಳ ನಡುವಿನ ಲೆಕ್ಕ. ದೂರು ಕೊಡುವವನಿಲ್ಲದಿದ್ದರೆ ನ್ಯಾಯಾಧಿಕಾರಿಯೂ ಇಲ್ಲ ಎಂಬ ಗಾದೆ ಅಲ್ಲಿ ಇವತ್ತಿಗೂ ಇದೆ. ಹೆಂಡದಂಗಡಿಯಲ್ಲಿ ಮಾತಿಗೆ ಮಾತು ಬೆಳೆದು ಒಬ್ಬ ಚೂರಿ ಹಾಕಿದ ಅಂದುಕೊಳ್ಳಿ. ಸತ್ತವನ ಅಣ್ಣತಮ್ಮಂದಿರಿಗೆ ಸೇಡು ತೀರಿಸುವುದು ಹಕ್ಕು ಮಾತ್ರವಲ್ಲ, ಕರ್ತವ್ಯ. ಅವರು ಇವನ ಕಡೆಯವನೊಬ್ಬನನ್ನು ಕೆಡವುತ್ತಾರೆ, ಇವರು ಮತ್ತೆ ಅವರ ಕಡೆಯವನನ್ನು. ಇದು ಎಲ್ಲಿಯಾದರೂ ನಿಲ್ಲಬೇಕಲ್ಲ? ಊರ ಹಿರಿಯರೋ ಪಟ್ಟಣದ ಸಭೆಯೋ ಪಾದ್ರಿಗಳೋ ನಡುವೆ ಕೂತು ಪಂಚಾಯ್ತಿ ಮಾಡಿ ಒಪ್ಪಂದ ಬರೆಸುತ್ತಿದ್ದರು. ಹಾಗೆ ಬರೆಸಿದ ಪತ್ರಗಳು ಪಟ್ಟಣಗಳ ದಫ್ತರಗಳಲ್ಲಿ ಇವತ್ತಿಗೂ ಓದಲು ಸಿಗುತ್ತವೆ. ನಾನು ಈ ವಿಷಯಕ್ಕೆ ಅಂಟಿಕೊಂಡದ್ದೇ ಆ ಪತ್ರಗಳಿಂದ. ಕಲ್ಲು ಆಮೇಲೆ ಬಂತು.

ಪತ್ರದಲ್ಲಿ ಏನಿರುತ್ತಿತ್ತು? ಮೊದಲು ಹಣ: ಹೆಂಡತಿಗೆ ಇಷ್ಟು, ಮಕ್ಕಳಿಗೆ ಇಷ್ಟು, ಒಡೆಯನಿಗೆ ಇಷ್ಟು. ಆಮೇಲೆ ಸತ್ತವನ ಆತ್ಮಕ್ಕಾಗಿ ಚರ್ಚಿನಲ್ಲಿ ಇಷ್ಟು ಪೂಜೆ. ಮೇಣದಬತ್ತಿಗೆಂದು ಇಷ್ಟು ತೂಕದ ಮೇಣ. ಮೇಣ ಆಗ ದುಬಾರಿ ವಸ್ತು, ಹಾಗಾಗಿ ಅದನ್ನು ತೂಕ ಹಾಕಿಯೇ ಬರೆಯುತ್ತಿದ್ದರು. ಆಮೇಲೆ ಯಾತ್ರೆ: ಕೊಂದವನು ಆಖೆನ್‌ಗೋ ರೋಮಿಗೋ ನಡೆದು ಹೋಗಿಬಂದು, ಹೋಗಿದ್ದೆ ಅನ್ನುವುದಕ್ಕೆ ಅಲ್ಲಿಂದ ಕಾಗದ ತರಬೇಕು. (ದುಡ್ಡಿದ್ದವರು ಕೂಲಿ ಕೊಟ್ಟು ಬದಲಿ ಆಳನ್ನು ಕಳಿಸುತ್ತಿದ್ದದ್ದೂ ಉಂಟು. ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಇಂಥವರು ಇರುತ್ತಾರೆ.) ಕೊನೆಗೆ, ಒಂದು ಕಲ್ಲಿನ ಶಿಲುಬೆ. ಎಲ್ಲಿ ನೆಡಬೇಕು ಎಂಬುದನ್ನು ಅನೇಕ ಸಲ ಸತ್ತವನ ಮನೆಯವರೇ ಹೇಳುತ್ತಿದ್ದರು. ಕೊಲೆ ನಡೆದ ಜಾಗವೇ ಆಗಬೇಕೆಂದಿಲ್ಲ. ಹೆಚ್ಚು ಜನ ಓಡಾಡುವ ದಾರಿ, ಕವಲು, ಚರ್ಚಿನ ಬಾಗಿಲು, ಇವು ಅವರಿಗೆ ಬೇಕಾದ ಜಾಗಗಳು.

ಕೆಲವು ಪತ್ರಗಳಲ್ಲಿರುವ ಇನ್ನೊಂದು ಷರತ್ತು ನನಗೆ ಎಲ್ಲಕ್ಕಿಂತ ಹಿಡಿಸುತ್ತದೆ. ಕೊಂದವನು ಇನ್ನು ಮೇಲೆ ಬೀದಿಯಲ್ಲಿ ಸತ್ತವನ ನೆಂಟರು ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಅವನು ಹೆಂಡದಂಗಡಿಯಲ್ಲಿ ಕೂತಿರುವಾಗ ಅವರು ಒಳಗೆ ಬಂದರೆ ಎದ್ದು ಹೊರಗೆ ಹೋಗಬೇಕು. ಹಣ, ಮೇಣ, ಯಾತ್ರೆ ಇವೆಲ್ಲ ವರ್ಷದೊಳಗೆ ಮುಗಿದುಹೋಗುತ್ತವೆ. ಎದ್ದು ಹೋಗುವುದು ಮಾತ್ರ ಸಾಯುವತನಕ. ಒಂದೇ ಬಾವಿಯ ನೀರು ಕುಡಿಯುವ ಸಣ್ಣ ಊರಿನಲ್ಲಿ ಎರಡು ಮನೆಯವರು ಮುಂದೆಯೂ ಬಾಳಬೇಕು ಎಂಬುದನ್ನು ತಿಳಿದವರು ಬರೆದ ಷರತ್ತು ಅದು.

ಕೆಲವು ಕಡೆ ತಪ್ಪೊಪ್ಪಿಗೆಯ ವಿಧಿಯೂ ಇತ್ತು. ಕೊಂದವನು ಬರಿಗಾಲಲ್ಲಿ, ಕೈಯಲ್ಲಿ ಉರಿಯುವ ಬತ್ತಿ ಹಿಡಿದು ಚರ್ಚಿಗೆ ಬಂದು, ಸತ್ತವನ ಗೋರಿಯ ಮೇಲೆ ತೋಳು ಚಾಚಿ ಅಡ್ಡ ಬೀಳಬೇಕು. ಸತ್ತವನ ಕಡೆಯವರು ಬಂದು ಅವನನ್ನು ಎಬ್ಬಿಸಬೇಕು. ಎಬ್ಬಿಸಿದರೆಂದರೆ ಕ್ಷಮಿಸಿದರು ಎಂದು. ಆಮೇಲೆ ಎರಡೂ ಕಡೆಯವರು ಇನ್ನು ಸೇಡಿಲ್ಲ ಎಂದು ಆಣೆ ಇಡುತ್ತಿದ್ದರು. ನೆಲದ ಮೇಲೆ ತೋಳು ಚಾಚಿ ಬಿದ್ದ ಆ ಮೈಯ ಆಕಾರವನ್ನು ನೆನೆಸಿಕೊಂಡು ನಿಮ್ಮ ಕುಳ್ಳ ಶಿಲುಬೆಯನ್ನು ಮತ್ತೊಮ್ಮೆ ನೋಡಿ. ಒಂದರಿಂದ ಇನ್ನೊಂದು ಹುಟ್ಟಿತು ಎಂದು ನಾನು ಹೇಳುತ್ತಿಲ್ಲ, ನನ್ನ ಕಣ್ಣಿಗೆ ಹಾಗೆ ಕಾಣುತ್ತದೆ ಅಷ್ಟೆ.

ಒಂದು ಎಚ್ಚರ. ಈ ರಾಜಿ ಜಗಳದ ಬಿಸಿಯಲ್ಲಿ ನಡೆದ ಕೊಲೆಗಳಿಗೆ. ಕಾದು ಕೂತು ದಾರಿಗಳ್ಳತನಕ್ಕೆ ಕೊಂದವನಿಗೆ ಶಿಲುಬೆಯ ಭಾಗ್ಯ ಇರಲಿಲ್ಲ, ಅವನ ಮೂಳೆಯನ್ನು ಚಕ್ರದಿಂದ ಮುರಿಯುತ್ತಿದ್ದರು. ಹಾಗಾಗಿ ಇಂಥ ಕಲ್ಲುಗಳ ಪಕ್ಕ ‘ಘೋರ ಹತ್ಯೆ’ ಎಂದೆಲ್ಲ ಬರೆದ ಪ್ರವಾಸಿ ಫಲಕ ಕಂಡರೆ ಅದನ್ನು ಅರ್ಧ ನಂಬಿ.

ಶಿಲುಬೆ ದಾರಿಯಲ್ಲೇ ಯಾಕೆ? ನಮ್ಮಲ್ಲಿ ದುರ್ಮರಣ ಅನ್ನುತ್ತೇವಲ್ಲ, ಅಲ್ಲಿಯೂ ಅದೇ ಹೆದರಿಕೆ. ಹಾಸಿಗೆಯಲ್ಲಿ ಸಾಯುವವನಿಗೆ ಪಾದ್ರಿ ಬಂದು ಪಾಪನಿವೇದನೆ ಕೇಳಿ ಎಣ್ಣೆ ಹಚ್ಚುತ್ತಾನೆ. ಚೂರಿ ತಿಂದು ದಾರಿಯಲ್ಲಿ ಬಿದ್ದವನಿಗೆ ಅದ್ಯಾವುದೂ ಇಲ್ಲ. ಪಾಪದ ಹೊರೆ ಹೊತ್ತೇ ಹೋದ ಅವನು ಶುದ್ಧೀಕರಣದ ಬೆಂಕಿಯಲ್ಲಿ ಬೇಯುತ್ತಿರುತ್ತಾನೆ, ಬದುಕಿರುವವರ ಪ್ರಾರ್ಥನೆ ಮಾತ್ರ ಅವನ ಅವಧಿಯನ್ನು ತಗ್ಗಿಸೀತು ಎಂಬ ನಂಬಿಕೆ. ನಮ್ಮವರು ಇಂಥ ಸಾವಿಗೆ ಗೋಕರ್ಣಕ್ಕೆ ಹೋಗಿ ನಾರಾಯಣಬಲಿ ಮಾಡಿಸುತ್ತಾರೆ. ಅಲ್ಲಿಯವರು ದಾರಿಹೋಕರ ಹತ್ತಿರ ಒಂದೊಂದು ಜಪ ಎತ್ತುತ್ತಿದ್ದರು, ಭಿಕ್ಷೆ ಎತ್ತಿದ ಹಾಗೆ.

ಒಬ್ಬಿಬ್ಬರಲ್ಲ, ಊರಿಗೆ ಊರೇ ಈ ದಂಡ ಕಟ್ಟಿದ್ದೂ ಇದೆ. ಬರ್ಲಿನ್ನಿಗೆ ಹೋದರೆ ಅಲೆಕ್ಸಾಂಡರ್‌ಪ್ಲಾಟ್ಸ್ ಹತ್ತಿರದ ಮರೀನ್‌ಕಿರ್ಖೆ ಎಂಬ ಚರ್ಚಿನ ಹೆಬ್ಬಾಗಿಲ ಪಕ್ಕ ನೋಡಿ, ಅಲ್ಲೊಂದು ಸಣ್ಣ ಕಲ್ಲಿನ ಶಿಲುಬೆ ಇದೆ. 1324ರಲ್ಲಿ (1325 ಅನ್ನುವವರೂ ಇದ್ದಾರೆ) ಬೆರ್ನೌ ಊರಿನ ಹಿರಿಯ ಪಾದ್ರಿ ನಿಕೋಲೌಸ್ ಎಂಬವನನ್ನು ಬರ್ಲಿನ್ನಿನ ಜನ ಹೊಡೆದು ಕೊಂದು, ಹೆಣವನ್ನು ಸಂತೆ ಬೀದಿಯಲ್ಲೇ ಸುಟ್ಟರು. ಪೋಪನಿಗೂ ಚಕ್ರವರ್ತಿ ಲುಡ್ವಿಗ್‌ಗೂ ಜಗಳ ನಡೆಯುತ್ತಿದ್ದ ಕಾಲ. ಪಾದ್ರಿ ಪೋಪನ ಕಡೆ, ಊರು ಚಕ್ರವರ್ತಿಯ ಕಡೆ. ಬರ್ಲಿನ್ನಿಗೂ ಅದರ ಜೋಡಿ ಊರು ಕ್ಯೋಲ್ನ್‌ಗೂ ಧರ್ಮಬಹಿಷ್ಕಾರ ಬಿತ್ತು. ದಂಡ, ಬಲಿಪೀಠ, ಆರದ ದೀಪವಿರುವ ಶಿಲುಬೆ ಇವೆಲ್ಲ ಒಪ್ಪಿಕೊಂಡು, 1340ರ ದಶಕದಲ್ಲಿ ಬಹಿಷ್ಕಾರ ತೆಗೆಸಿಕೊಳ್ಳುವ ಹೊತ್ತಿಗೆ ಸುಮಾರು ಎರಡು ದಶಕ ಕಳೆದಿತ್ತು. ಟಿವಿ ಗೋಪುರ ನೋಡಲು ದಿನವೂ ಅಲ್ಲಿ ಜನ ಸೇರುತ್ತಾರೆ. ಶಿಲುಬೆಯ ಮುಂದೆ ಯಾರೂ ನಿಂತದ್ದನ್ನು ನಾನು ಕಂಡಿಲ್ಲ.

ಈಗ ಅಜ್ಜನ ಸಿಪಾಯಿಗೆ ಬರೋಣ. ಸ್ವೀಡನ್ನಿನವರು ಬಂದದ್ದು ಸುಳ್ಳಲ್ಲ. ಮೂವತ್ತು ವರ್ಷಗಳ ಯುದ್ಧದಲ್ಲಿ (1618–1648) ಅವರ ದೊರೆ ಗುಸ್ತಾವ್ ಅಡಾಲ್ಫ್ 1631ರ ಅಕ್ಟೋಬರಿನಲ್ಲಿ ವ್ಯೂರ್ಟ್ಸ್‌ಬುರ್ಗನ್ನೇ ಹಿಡಿದ. ಆ ಯುದ್ಧದಲ್ಲಿ ಕತ್ತಿಗಿಂತ ಬರ, ಪ್ಲೇಗು ಹೆಚ್ಚು ಜನರನ್ನು ಕೊಂಡೊಯ್ದವು, ಎಷ್ಟೋ ಹಳ್ಳಿಗಳು ಬಯಲಾದವು. ಮುಂದಿನ ತಲೆಮಾರುಗಳ ತಾಯಂದಿರು ಮಲಗದ ಮಕ್ಕಳನ್ನು ‘ಸ್ವೀಡನ್ನಿನವನು ಬರ್ತಾನೆ’ ಎಂದು ಹೆದರಿಸುತ್ತಿದ್ದರು, ನಮ್ಮಲ್ಲಿ ಗುಮ್ಮ ಬರುವ ಹಾಗೆ. ಊರಿಗೆ ಊರೇ ಖಾಲಿಯಾದಾಗ ಹಳೆಯ ಕಥೆ ಹೇಳುವವರೂ ಖಾಲಿಯಾಗುತ್ತಾರೆ. ಆಮೇಲೆ ಬಂದು ನೆಲೆಸಿದವರಿಗೆ ಹೊಲದಲ್ಲಿ ಒಂದು ಮೂಗ ಕಲ್ಲು ಕಾಣುತ್ತದೆ, ಮೇಲೆ ಚೂರಿ. ಚೂರಿ ಅಂದಕೂಡಲೇ ಅವರಿಗೆ ನೆನಪಾಗುವುದು ಸ್ವೀಡನ್ನಿನವನೇ. ಹಾಗಾಗಿ ಜರ್ಮನಿಯ ತುಂಬ ‘ಶ್ವೇಡನ್‌ಕ್ರಾಯ್ಟ್ಸ್’ಗಳು. ನಿಜದಲ್ಲಿ ಅವುಗಳಲ್ಲಿ ಹೆಚ್ಚಿನವು ಆ ಯುದ್ಧಕ್ಕಿಂತ ನೂರೋ ಇನ್ನೂರೋ ವರ್ಷ ಹಳೆಯವು.

ಇದು ಬರೀ ಹಳ್ಳಿಯವರ ತಪ್ಪಲ್ಲ. ಚೆಕ್ ದೇಶದ ಮೊರಾವಿಯ ಕಡೆ ಓದಿದವರೇ ಇಂಥ ಕಲ್ಲುಗಳನ್ನು ಸಂತ ಸಿರಿಲ್, ಸಂತ ಮೆಥೋಡಿಯಸ್ ಎಂಬ ಅಣ್ಣತಮ್ಮಂದಿರ ಜೊತೆ ಗಂಟುಹಾಕಿದ್ದರು. ಅವರಿಬ್ಬರೂ ಧರ್ಮಪ್ರಚಾರಕ್ಕೆ ಮೊರಾವಿಯಕ್ಕೆ ಬಂದದ್ದು 863ರಲ್ಲಿ! ಇನ್ನು ಕೆಲವೆಡೆ ಹುಸ್ಸೈಟರ (ಹದಿನೈದನೇ ಶತಮಾನದಲ್ಲಿ ದಂಗೆಯೆದ್ದ ಚೆಕ್ ಸುಧಾರಕ ಪಂಥದವರು) ಹೆಸರು, ಕೆಲವೆಡೆ ಫ್ರೆಂಚರ ಹೆಸರು. ನಗಬೇಡಿ. ಹಿರೇಬೆಣಕಲ್ಲಿನ ಬೃಹತ್ ಶಿಲಾಸಮಾಧಿಗಳನ್ನು ನಾವು ಕುಳ್ಳಗಿನ ಮೋರೇರು ಕಟ್ಟಿಕೊಂಡ ಮನೆಗಳು ಅನ್ನುತ್ತೇವೆ, ಗವಿ ಕಂಡಲ್ಲೆಲ್ಲ ಪಾಂಡವರನ್ನು ಕೂರಿಸುತ್ತೇವೆ.

ಅಜ್ಜನ ಮಾತಿನಲ್ಲಿ ಸರಿಯಾದದ್ದು ಯಾವುದೆಂದರೆ, ಈ ಕಲ್ಲಿನ ಹಿಂದೆ ಆಯುಧದಿಂದ ಸತ್ತ ಒಬ್ಬನಿದ್ದಾನೆ ಎಂಬುದು. ಅಷ್ಟು ನೆನಪು ಉಳಿದಿದೆ, ರಾಜಿಯ ನೆನಪು ಅಳಿದಿದೆ. ನಾನು ಕೇಳಿದ, ಓದಿದ ಶಿಲುಬೆ ಕಥೆಗಳಲ್ಲೆಲ್ಲ ಇದೇ ಆಗಿದೆ. ಇಬ್ಬರು ಕುರುಬರು ಮೇವಿಗಾಗಿ ಹೊಡೆದಾಡಿ ಇಬ್ಬರೂ ಸತ್ತರು. ಇಬ್ಬರು ಕಸಾಯಿ ಹುಡುಗರು, ಇಬ್ಬರೂ ಸತ್ತರು. ಒಂದೇ ಹೆಣ್ಣಿಗಾಗಿ ಇಬ್ಬರು ಅಣ್ಣತಮ್ಮಂದಿರು, ಅವರೂ ಸತ್ತರು. ಯಾವಾಗಲೂ ಇಬ್ಬರು, ಯಾವಾಗಲೂ ಇಬ್ಬರೂ ಸಾಯಬೇಕು. ಪತ್ರದಲ್ಲಿಯೂ ಇಬ್ಬರೇ ಇರುತ್ತಾರೆ, ಸತ್ತವನು ಮತ್ತು ಕೊಂದವನು. ಕೊಂದವನು ಬದುಕಿದ್ದು, ದುಡ್ಡು ಕೊಟ್ಟು, ಕಲ್ಲು ನೆಟ್ಟು, ಅದೇ ಊರಲ್ಲಿ ಮುದುಕನಾದ ಎಂಬುದು ಮುಂದಿನವರಿಗೆ ಅರಗಲಿಲ್ಲ. ಅದಕ್ಕೇ ಕಥೆಯಲ್ಲಿ ಅವನನ್ನೂ ಕೊಂದುಹಾಕಿದರು ಎಂದು ನನ್ನ ಊಹೆ.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಇಂಥ ಕಲ್ಲಿನ ಹತ್ತಿರ ರಾತ್ರಿ ತಲೆಯಿಲ್ಲದ ಮನುಷ್ಯ ಅಡ್ಡಾಡುತ್ತಾನೆ, ಬೆಂಕಿಯ ಆಳು ಕಾಣಿಸುತ್ತಾನೆ, ಅಡಿಯಲ್ಲಿ ನಿಧಿ ಇದೆ. ಕಲ್ಲು ಕಿತ್ತು ಮನೆಗೆ ಒಯ್ದ ರೈತನ ಕೊಟ್ಟಿಗೆಯಲ್ಲಿ ದನ ಸಾಯತೊಡಗಿ, ಅವನು ಮರಳಿ ತಂದು ನೆಟ್ಟ ಎಂಬ ಕಥೆಯಂತೂ ಬಹಳ ಊರುಗಳಲ್ಲಿದೆ. ಈ ಒಂದು ಕಥೆಗೆ ನಾನು ಕೈಮುಗಿಯುತ್ತೇನೆ. ಎಷ್ಟೋ ಕಲ್ಲುಗಳು ಉಳಿದದ್ದು ಅದರಿಂದಲೇ ಇರಬೇಕು. ನಮ್ಮಲ್ಲಿ ಶಾಸನದ ಕಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿ, ಮೋರಿಯ ಚಪ್ಪಡಿಯಾಗಿ ಹೋದದ್ದು ನಿಮಗೆ ಗೊತ್ತೇ ಇದೆ.

ಕಲ್ಲಿನ ಅಂಚಿನಲ್ಲಿ ಬಟ್ಟಲಿನಂಥ ಸಣ್ಣ ಕುಳಿಗಳೋ ಉದ್ದ ಗೀರುಗಳೋ ಇವೆಯೇ ನೋಡಿ. ಆ ಪುಡಿಯನ್ನು ಕೆರೆದು ಜ್ವರಕ್ಕೆ, ದನದ ಕಾಯಿಲೆಗೆ ಮದ್ದಾಗಿ ಕೊಡುತ್ತಿದ್ದರು ಎಂದು ಹೇಳುತ್ತಾರೆ. ಕುಡುಗೋಲು ಮಸೆದ ಗುರುತು ಅನ್ನುವವರೂ ಇದ್ದಾರೆ. ಎರಡೂ ನಡೆದಿರಬಹುದು, ಮರಳುಗಲ್ಲು ಎರಡಕ್ಕೂ ಒಗ್ಗುತ್ತದೆ.

ಚೂರಿಯ ಬಗ್ಗೆ ಒಂದು ಮಾತು. ಅದು ಕೊಂದ ಆಯುಧವೋ ಸತ್ತವನ ಕಸುಬಿನ ಗುರುತೋ ಎಂಬ ವಾದ ಹಳೆಯದು. ಕತ್ತಿ, ಬಾಕು, ಅಡ್ಡಬಿಲ್ಲು ಇದ್ದರೆ ಆಯುಧ ಎಂದೇ ಹೆಚ್ಚಿನವರು ಓದುತ್ತಾರೆ. ನೇಗಿಲ ಗುಳ, ಕತ್ತರಿ, ಗಾಡಿಯ ಚಕ್ರ, ಬೇಕರಿಯ ಪ್ರೆಟ್ಸೆಲ್ (ಗಂಟು ಹಾಕಿದಂತಿರುವ ಬ್ರೆಡ್ಡು) ಇದ್ದರೆ ಕಸುಬು. ಜನಪದ ಮಾತ್ರ ಎಲ್ಲವನ್ನೂ ಆಯುಧವೆಂದೇ ಓದುತ್ತದೆ: ಗುಳದಿಂದ ಹೊಡೆದ, ಕತ್ತರಿಯಿಂದ ತಿವಿದ. ಪ್ರೆಟ್ಸೆಲ್‌ನಿಂದ ಹೇಗೆ ಕೊಂದ ಎಂದು ಯಾರಾದರೂ ಕೇಳಬೇಕು.

ಈಗ ನಿಮ್ಮಾಕೆಯ ಮಾತು. ಹೋಲಿಕೆ ಕಣ್ಣಿಗೆ ಸರಿ: ಊರಾಚೆ ನಿಂತ ಕಲ್ಲು, ಆಯುಧ, ಅಕಾಲದ ಸಾವು. ಆದರೆ ಕಲ್ಲು ಯಾರು ಹಾಕಿಸಿದರು ಎಂದು ಕೇಳಿದ ಕೂಡಲೇ ದಾರಿ ಕವಲೊಡೆಯುತ್ತದೆ. ವೀರಗಲ್ಲು ಗೆಳೆಯರು, ನೆಂಟರು, ಒಡೆಯರು ಹಾಕಿಸಿದ್ದು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದೆದುರು ಕೈಮುಗಿದು ಕೂತ ವೀರ. ಸತ್ತವನ ಗತಿ ಏನಾಯಿತು ಎಂಬ ಬಗ್ಗೆ ಅಲ್ಲಿ ಸಂಶಯವೇ ಇಲ್ಲ. ತುರು ಬಿಡಿಸುತ್ತ ಸತ್ತ, ಸ್ವರ್ಗಕ್ಕೆ ಹೋದ. 949–50ರ ಆತಕೂರಿನ ಕಲ್ಲಿನಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಆ ಮರ್ಯಾದೆ ಸಿಕ್ಕಿದೆ. ಜರ್ಮನ್ ಶಿಲುಬೆ ಯಾರಿಗಾಗಿ ನಿಂತಿತೋ ಅವನ ಗತಿ ಇನ್ನೂ ಇತ್ಯರ್ಥವಾಗಿಲ್ಲ, ಅದಕ್ಕೇ ನಿಮ್ಮ ಜಪ ಬೇಕು. ಅಲ್ಲಿ ಹೊಗಳಿಕೆಯ ಒಂದು ಗೆರೆಯೂ ಇಲ್ಲ. ದುಡ್ಡು ಕೊಟ್ಟವನು ಕೊಂದವನು. ಕೊಂದವನ ಕೈಯಲ್ಲಿ ನಿಲ್ಲಿಸಿದ ವೀರಗಲ್ಲನ್ನು ನಾನು ನೋಡಿಲ್ಲ.

ಎರಡೂ ಕಡೆ ನಿಜವಾಗಿ ಒಂದಾಗುವ ಜಾಗ ಬೇರೆ ಇದೆ, ಉಳಿದ ಸಂಸಾರದ ಹೊಟ್ಟೆಪಾಡು. ನಮ್ಮ ಶಾಸನಗಳಲ್ಲಿ ‘ಕಲ್ನಾಡು’, ‘ನೆತ್ತರುಗೊಡಗೆ’ ಎಂಬ ಮಾತು ಬರುತ್ತದಲ್ಲ, ಸತ್ತ ವೀರನ ಮನೆಯವರಿಗೆ ಬಿಟ್ಟ ಭೂಮಿ. ಅಲ್ಲಿಯ ಪತ್ರದಲ್ಲಿ ವಿಧವೆಗೆ, ಮಕ್ಕಳಿಗೆ ಬರೆದ ಹಣವೂ ನೆತ್ತರಿನ ಲೆಕ್ಕವೇ. ನಮ್ಮಲ್ಲಿ ಅರಸ ಕೊಟ್ಟ, ಅಲ್ಲಿ ಕೊಂದವನು ತೆತ್ತ.

ಪದ್ಧತಿ ನಿಂತದ್ದು ಹೇಗೆಂದರೆ, 1495ರಲ್ಲಿ ವರ್ಮ್ಸ್ ಎಂಬ ಊರಲ್ಲಿ ಸೇರಿದ ಸಾಮ್ರಾಜ್ಯದ ಸಭೆಯಲ್ಲಿ ಖಾಸಗಿ ಸೇಡಿನ ಕದನಗಳನ್ನೇ ನಿಷೇಧಿಸಿದರು. 1532ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ತಂದ ದಂಡಸಂಹಿತೆ ‘ಕರೋಲಿನ’ ಕೊಲೆಯನ್ನು ಮನೆತನಗಳ ಕೈಯಿಂದ ಕಿತ್ತು ನ್ಯಾಯಾಲಯಕ್ಕೆ ಕೊಟ್ಟಿತು. ಅತ್ತ ಲೂಥರನ ಸುಧಾರಣೆ ಸೇರಿದ ನಾಡುಗಳಲ್ಲಿ ಸತ್ತವರಿಗಾಗಿ ಪೂಜೆ ಮಾಡಿಸುವುದೇ ತಪ್ಪಾಯಿತು. ಆದರೆ ಕಾನೂನು ಬಂತೆಂದು ರೂಢಿ ಮರುದಿನವೇ ಸಾಯುವುದಿಲ್ಲ. ಇವತ್ತು ಪೋಲೆಂಡಿನಲ್ಲಿರುವ ಸ್ಟಾರ್‌ಗಾರ್ಡ್ ಊರಿನಲ್ಲಿ ಮೂರೂವರೆ ಮೀಟರಿಗೂ ಎತ್ತರದ ಶಿಲುಬೆಯೊಂದಿದೆ. ಹಾನ್ಸ್ ಬಿಲ್ಲೆಕೆ ಎಂಬವನನ್ನು ಲೊರೆಂಟ್ಸ್ ಮಾಡರ್ ಎಂಬವನು ಕೊಂದದ್ದಕ್ಕೆ ನಿಂತದ್ದು. ಇಸವಿ 1542, ಕರೋಲಿನ ಬಂದು ಹತ್ತು ವರ್ಷವಾದ ಮೇಲೆ!

ಹಾಗೆಂದು ದಾರಿಬದಿಯಲ್ಲಿ ಕಂಡ ಶಿಲುಬೆಯೆಲ್ಲ ತಪ್ಪುಕಾಣಿಕೆಯಲ್ಲ. ಕೆಲವು ಗಡಿಗಲ್ಲು, ಕೆಲವು ಆಲಿಕಲ್ಲು ಮಳೆ ಬಾರದಿರಲೆಂದು ಹರಕೆಗೆ ನಿಂತವು. ಬವೇರಿಯದ ದಕ್ಷಿಣಕ್ಕೆ, ಆಲ್ಪ್ಸ್ ಕಡೆಗೆ ಹೋದರೆ ‘ಮಾರ್ಟರ್ಲ್’ ಎಂಬ ಬಣ್ಣದ ಹಲಗೆಗಳು ಕಾಣುತ್ತವೆ. ಮರ ಬಿದ್ದು, ಹಿಮ ಕುಸಿದು, ಗಾಡಿ ಮಗುಚಿ ಸತ್ತವರ ಚಿತ್ರ, ಕೆಳಗೆ ಎರಡು ಸಾಲು ಪದ್ಯ, ದಾರಿಹೋಕನೇ ಒಂದು ಪ್ರಾರ್ಥನೆ ಹೇಳು ಎಂಬ ಬೇಡಿಕೆ. ಬವೇರಿಯದ ಕಾಡುಸೀಮೆಯಲ್ಲಿ ಇನ್ನೂ ವಿಚಿತ್ರವಾದದ್ದಿದೆ: ಹೆಣ ಮಲಗಿಸಿದ್ದ ಹಲಗೆಯನ್ನೇ ಹೆಸರು ಬರೆದು ದಾರಿಬದಿಗೆ ನಿಲ್ಲಿಸುತ್ತಿದ್ದರು. ಹಲಗೆ ಕೊಳೆತು ಬೀಳುವ ಹೊತ್ತಿಗೆ ಆತ್ಮಕ್ಕೆ ಬಿಡುಗಡೆ ಎಂಬ ನಂಬಿಕೆ. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರ ‘ಖುರಿಸ್’ ಕೂಡ ದಾರಿಬದಿಯದೇ, ಆದರೆ ಅದು ಭಕ್ತಿಯದು, ಅದರಲ್ಲಿ ಈ ಕೊಲೆಯ ಲೆಕ್ಕ ಇಲ್ಲ.

ನಿಮ್ಮ ಕಲ್ಲು ಯಾವ ಜಾತಿಯದೆಂದು ಖಚಿತ ಮಾಡಿಕೊಳ್ಳಲು ಒಂದು ಸುಲಭದ ದಾರಿ ಇದೆ. ಬವೇರಿಯ ರಾಜ್ಯದ ಸ್ಮಾರಕಗಳ ಅಂತರ್ಜಾಲ ನಕಾಶೆ ‘ಡೆಂಕ್‌ಮಾಲ್ ಅಟ್ಲಾಸ್’ ತೆರೆದು ಆ ಹೊಲದ ಜಾಗ ಹುಡುಕಿ. ಇಂಥ ಸಣ್ಣ ಕಲ್ಲುಗಳೂ ಅಲ್ಲಿ ದಾಖಲಾಗಿರುತ್ತವೆ, ಕಲ್ಲಿನ ಬಗೆ, ಅಂದಾಜು ಕಾಲ ಒಂದೆರಡು ಮಾತಿನಲ್ಲಿ ಇರುತ್ತದೆ. ಯಾರು ಯಾರನ್ನು ಕೊಂದರು ಎಂಬ ಉತ್ತರ ಮಾತ್ರ ಅಲ್ಲಿ ನಿರೀಕ್ಷಿಸಬೇಡಿ. ಪತ್ರವೂ ಕಲ್ಲೂ ಎರಡೂ ಉಳಿದು ಒಂದಕ್ಕೊಂದು ತಾಳೆಯಾಗುವುದು ಅಪರೂಪ. ಕೆತ್ತನೆ ಚೆನ್ನಾಗಿ ಕಾಣಲೆಂದು ಸೀಮೆಸುಣ್ಣ ಉಜ್ಜಬೇಡಿ, ತಂತಿ ಬ್ರಷ್ ಹಿಡಿದು ಪಾಚಿ ಕೆರೆಯಲೂ ಬೇಡಿ. ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆದರೆ ಚೂರಿ ತಾನಾಗಿ ಎದ್ದು ಕಾಣುತ್ತದೆ. ಹಿಡಿಯ ಆಕಾರ ಸ್ಪಷ್ಟವಾಗಿ ಬಂದರೆ ಆ ಫೋಟೊ ನನಗೂ ಕಳಿಸಿ. ಹಿಡಿಯಿಂದ ಕಾಲವನ್ನು ತುಸು ಬಿಗಿಮಾಡಬಹುದು.

ಅಜ್ಜನನ್ನು ಮತ್ತೊಂದು ಸಲ ಮಾತನಾಡಿಸಿ. ಸಿಪಾಯಿ ಸುಳ್ಳು ಎಂದು ಹೇಳುವುದಕ್ಕಲ್ಲ. ಹೊಲಗಳ ಒಟ್ಟುಗೂಡಿಕೆ, ರಸ್ತೆ ಅಗಲ ಮಾಡುವುದು ಇವುಗಳಲ್ಲಿ ಇಂಥ ಎಷ್ಟೋ ಕಲ್ಲುಗಳು ನೂರಾರು ಮೀಟರ್ ಆಚೆಗೆ ಸರಿದಿವೆ. ಅವರು ಹುಡುಗರಾಗಿದ್ದಾಗ ಅದು ಎಲ್ಲಿ ನಿಂತಿತ್ತು, ಆ ತೋಳು ಆಗಲೇ ಮುಕ್ಕಾಗಿತ್ತೇ, ಹಳೆಯ ಗಾಡಿದಾರಿ ಯಾವ ಕಡೆಯಿಂದ ಹಾದುಹೋಗುತ್ತಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿ.